ಮುದ್ದೆ ಕೋಲಿನ ಗೇರು

ಹೂಟಗಳ್ಳಿಯ ದೊರೆಸ್ವಾಮಿಗೆ 'ನಡೀತದೆ ಬಿಡಿ' ಅನ್ನುವ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತನಾಲ್ಕು ವರ್ಷ ಒಂದು ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ, ಆದರೆ ಕೆಲಸಗಾರರು ಪೊಲೀಸರಿಗಿಂತ ಹೆಚ್ಚಾಗಿ ಹೆದರುತ್ತಿದ್ದುದು ಇವನಿಗೇ. ಲೇತಿನಿಂದ ಇಳಿದ ಪ್ರತಿಯೊಂದು ಪೀಸೂ ಇವನ ಮೇಜಿಗೆ ಬರಬೇಕು, ಇವನು ವರ್ನಿಯರ್ ಹಿಡಿದು ಅಳೆಯಬೇಕು, ಒಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಕೆಂಪು ಬಣ್ಣದ ಬೊಟ್ಟಿಟ್ಟು ರಿಜೆಕ್ಟ್ ಡಬ್ಬಕ್ಕೆ ಎಸೆಯಬೇಕು. 'ಸಾರ್, ಇಷ್ಟಕ್ಕೆಲ್ಲ ಏನಾಗ್ತದೆ, ನಡೀತದೆ ಬಿಡಿ' ಅಂದವನ ಮುಂದಿನ ಪೀಸಿಗೂ ಕೆಂಪು ಬೊಟ್ಟೇ. ಪಾಸಾದದ್ದಕ್ಕೆ ಬೊಟ್ಟಿಡಲು ಹಸಿರು ಬಣ್ಣದ ಡಬ್ಬಿಯೂ ಒಂದಿತ್ತಂತೆ, ಅದರ ಮುಚ್ಚಳ ತುಕ್ಕು ಹಿಡಿದು ತೆಗೆಯಲು ಬಾರದಂತಾಗಿತ್ತು ಅಂತ ಅವನಿಗಾಗದವರು ಹೇಳುತ್ತಾರೆ. ರಿಟೈರಾದ ದಿನ ಕೊರಳಿಗೆ ಹಾಕಿದ ಹಾರದ ಗಂಟನ್ನೂ ಎಳೆದು ನೋಡಿದ ಅನ್ನುವುದು ಮಾತ್ರ ನಿಜ. ನಾಲ್ಕು ಜನ ನೋಡಿದ್ದಾರೆ.

ಅಂಥ ಮನುಷ್ಯ ಹೆಂಡತಿಗಾಗಿ ಒಂದು ಗಾಡಿ ಮಾಡಲು ಹೊರಟ. ಸಾಕಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ಎಡಗಾಲು ಮಡಚಲು ಬಾರದಂತಾಗಿ ಎರಡೂವರೆ ವರ್ಷವಾಗಿತ್ತು. ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತಾಳೆ, ಅಡುಗೆ ಮಾಡುತ್ತಾಳೆ, ಗಂಡನನ್ನು ಬಯ್ಯುತ್ತಾಳೆ, ಅದಕ್ಕೆಲ್ಲ ಏನೂ ಕಮ್ಮಿಯಿಲ್ಲ. ಆದರೆ ಕಾರಿನೊಳಕ್ಕೆ ಆ ಕಾಲು ತೂರುವುದಿಲ್ಲ, ಆಟೋದಲ್ಲಿ ಚಾಚಲು ಜಾಗವಿಲ್ಲ, ಬಸ್ಸಿನ ಮಾತೇ ಬೇಡ. ಆಂಬುಲೆನ್ಸ್ ತರಿಸೋಣವೇ ಅಂದರೆ, 'ಅದ್ರಲ್ಲಿ ಹೋದ್ರೆ ನಾನು ನೆಂಟ್ರನ್ನ ನೋಡಕ್ಕೆ ಹೋದಂಗಾಗಲ್ಲ, ನೆಂಟ್ರೆಲ್ಲ ನನ್ನ ನೋಡಕ್ಕೆ ಬತ್ತಾರೆ' ಅಂದಳು. ಎದುರುಮನೆಯ ನಿರಂಜನ ತನ್ನ ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಕರೆದುಕೊಂಡು ಹೋಗುತ್ತೇನೆ ಅಂದ. 'ನಾನೇನು ಈರುಳ್ಳಿ ಮೂಟೆಯೇನಪ್ಪ?' ಅಂತ ಅವನ ಬಾಯಿ ಮುಚ್ಚಿಸಿದಳು.

ಅವಳು ಹೋಗಬೇಕಾದ್ದಾದರೂ ಎಲ್ಲಿಗೆ? ಇದೇ ಊರಿನ ಇನ್ನೊಂದು ತುದಿಯ ಕೆಸರೆಗೆ. ರಿಂಗ್ ರೋಡಿನಲ್ಲಿ ಹನ್ನೆರಡು ಕಿಲೋಮೀಟರು. ಅಲ್ಲಿ ಅವಳ ಅಕ್ಕ ಮಾದೇವಮ್ಮ ಇದ್ದಳು. ತಾಯಿ ತೀರಿಕೊಂಡಾಗ ಸಾಕಮ್ಮನಿಗೆ ನಾಲ್ಕು ವರ್ಷ, ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳು ಈ ಅಕ್ಕನೇ. ಈಗ ಎಂಬತ್ತರ ಹತ್ತಿರ, ಮಂಚ ಹಿಡಿದಿದ್ದಾಳೆ, ಕಣ್ಣು ಮಂಜು. ಮೊಮ್ಮಗಳು ನಯನಾ ಫೋನಿನಲ್ಲಿ ಸಾಕಮ್ಮನ ಮುಖ ತೋರಿಸಿದರೆ ಮುದುಕಿಗೆ ಬೆಳಕಷ್ಟೇ ಕಾಣುತ್ತದೆ. 'ಯಾವತ್ತು ಬತ್ತೀಯೆ, ಕೈ ಮುಟ್ಟಿ ನೋಡ್ಬೇಕು ಕಣವ್ವ' ಅನ್ನುತ್ತಾಳೆ. ಈ ಕಡೆಯವಳು 'ಬತ್ತೀನಿ ಕಣಕ್ಕ, ಗಾಡಿ ಆಯ್ತಾ ಅದೆ' ಅನ್ನುತ್ತಾಳೆ. ಎರಡು ವರ್ಷದಿಂದ ಗಾಡಿ ಆಗುತ್ತಲೇ ಇತ್ತು.

ಗಾಡಿ ನೋಡಲೇನೋ ಚೆನ್ನಾಗಿಯೇ ಇತ್ತು. ಹಿಂದೆ ಹಳೇ ಆಟೋದ ಎಂಜಿನ್ನು, ಮುಂದೆ ಗುಜರಿಗೆ ಬಿದ್ದ ಕಾರಿನ ಸ್ಟೇರಿಂಗು, ನಾಲ್ಕು ಚಕ್ರ, ನೆಲಕ್ಕೆ ಒಂದು ಗೇಣಿನಷ್ಟೇ ಎತ್ತರದ ತಳ. ಸಾಕಮ್ಮನಿಗೆಂದು ಹಳೇ ಸಲೂನಿನ ಕುರ್ಚಿ. ಅದನ್ನು ಬಾಗಿಲ ಕಡೆಗೆ ತಿರುಗಿಸಿದರೆ ಅವಳು ಕೂರಬಹುದು, ಆಮೇಲೆ ಮುಂದಕ್ಕೆ ತಿರುಗಿಸಿದರೆ ಕಾಲು ಹಲಗೆಯ ಮೇಲೆ ನೀಟಾಗಿ ಚಾಚಿಕೊಳ್ಳುತ್ತದೆ. ಆ ಉಪಾಯ ಯಾವ ಎಂಜಿನಿಯರಿಗೂ ಹೊಳೆಯುತ್ತಿರಲಿಲ್ಲ. ಆದರೆ ಮಾಡಿದವನೂ ಪಾಸು ಮಾಡುವವನೂ ಒಬ್ಬನೇ ಆದರೆ ಗತಿಯೇನು? ಹಗಲೆಲ್ಲ ಮಾಡಿದ್ದನ್ನು ಸಂಜೆ ತಾನೇ ಅಳೆದು ಕೆಂಪು ಬೊಟ್ಟಿಡುತ್ತಿದ್ದ. ಬಾಗಿಲಿನ ಹಿಂಜಿಗೆ ಬೊಟ್ಟು, ಪೆಡಲಿಗೆ ಬೊಟ್ಟು, ಹಾರ್ನಿಗೂ ಬೊಟ್ಟು. ಗಾಡಿಗೆ ಸಿಡುಬು ಎದ್ದಿದೆ ಅಂತ ಬೀದಿಯ ಜನ ಆಡಿಕೊಂಡು ನಗುತ್ತಿದ್ದರು.

ಒಂದೊಂದೇ ಬೊಟ್ಟು ಅಳಿಸುತ್ತ ಬಂದು ಕೊನೆಗೆ ಉಳಿದದ್ದು ಗೇರಿನ ಕೋಲು. ಅದರ ಕಬ್ಬಿಣಕ್ಕೆ ಹಿಡಿಯಾಗಿ ಅವನು ಹಾಕಿದ್ದು ಸಾಕಮ್ಮನ ಮುದ್ದೆ ಕೋಲು. ಹನ್ನೊಂದು ಜನರ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳು ರಾಗಿ ಹಿಟ್ಟು ತಿರುವಿ ತಿರುವಿ ನುಣುಪಾದ ಕೋಲು. ಕೇಳದೇ ಒಯ್ದು, ಅರ್ಧ ಕೊಯ್ದು, ತೂತು ಕೊರೆದು ಸಿಕ್ಕಿಸಿಬಿಟ್ಟಿದ್ದ. ಸಾಕಮ್ಮ ಮೂರು ದಿನ ಮಾತು ಬಿಟ್ಟಿದ್ದಳು. ಆ ಕೋಲು ಈಗ ಬುಡದಲ್ಲಿ ಅಲ್ಲಾಡುತ್ತಿತ್ತು. ಒಂದನೇ ಗೇರು ಹೇಗೋ ನಿಲ್ಲುತ್ತದೆ. ಎರಡಕ್ಕೆ ಹಾಕಿದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಟಪ್ಪನೆ ಕಳಚಿಕೊಂಡು ಮುಂದಕ್ಕೆ ಬೀಳುತ್ತದೆ, ಎಂಜಿನ್ನು ಬರಿದೇ ಕೂಗಿಕೊಳ್ಳುತ್ತದೆ.

ಯಾಕೆ ಅಲ್ಲಾಡುತ್ತಿತ್ತು ಗೊತ್ತೇ? ಕೋಲು ತಿರುಗುವ ತೂತು ಕೂದಲೆಳೆಯಷ್ಟು ಬಿಗಿ ಅಂತ ಇವನು ಅರದಿಂದ ಉಜ್ಜಿದ್ದ. ಒಂದು ಕಡೆ ಜಾಸ್ತಿ ಉಜ್ಜಿತು ಅಂತ ಇನ್ನೊಂದು ಕಡೆ ಉಜ್ಜಿದ್ದ. ಸರಿ ಮಾಡಿ ಮಾಡಿಯೇ ಅದು ಸಡಿಲವಾಗಿತ್ತು. ಅದರೊಳಗೆ ಕೂರಿಸಲು ಹಿತ್ತಾಳೆಯ ಒಂದು ಬಳೆ, ಬುಶ್ ಅನ್ನುತ್ತಾರೆ, ಅದನ್ನು ಲೇತಿನವನ ಹತ್ತಿರ ಮಾಡಿಸಿದ. ಅಳೆದ, ರಿಜೆಕ್ಟ್. ಇನ್ನೊಂದು ಮಾಡಿಸಿದ, ರಿಜೆಕ್ಟ್. ಮೂರನೆಯದನ್ನು ಕೊಟ್ಟ ಮೇಲೆ ಲೇತಿನವನು ಫೋನೇ ಎತ್ತಲಿಲ್ಲ.

'ಸಾರ್, ಒಂದು ಸೈಕಲ್ ಟ್ಯೂಬಿನ ಪಟ್ಟಿ ಕುಯ್ದು ಸುತ್ಬುಡಿ, ನಡೀತದೆ' ಅಂದ ನಿರಂಜನ.

ದೊರೆಸ್ವಾಮಿ ಅವನನ್ನು ಮೇಲಿಂದ ಕೆಳಗೆ ನೋಡಿದ. 'ನಿನ್ನ ಆಟೋ ಯಾಕೆ ದಿನಾ ಗ್ಯಾರೇಜಲ್ಲಿರ್ತದೆ ಅಂತ ಇವತ್ತು ಗೊತ್ತಾಯ್ತು ಕಣಯ್ಯ.'

'ನಂದು ವಾರಕ್ಕೊಂದಿನ ಗ್ಯಾರೇಜಲ್ಲಿರ್ತದೆ ಸಾರ್, ಆರು ದಿನ ರೋಡಲ್ಲಿರ್ತದೆ' ಅಂದು ನಿರಂಜನ ನಕ್ಕ. ದೊರೆಸ್ವಾಮಿಗೆ ನಗು ಬರಲಿಲ್ಲ.

ಆಯುಧ ಪೂಜೆಗೆ ನಾಲ್ಕು ದಿನ ಇರುವಾಗ ನಯನಾ ಫೋನು ಮಾಡಿದಳು. ಆ ಸಲ ಮುಖ ತೋರಿಸಲಿಲ್ಲ, ಹೊರಗೆ ಬಂದು ಮೆಲ್ಲಗೆ ಮಾತಾಡಿದಳು. 'ಚಿಕ್ಕಜ್ಜಿ, ಅಜ್ಜಿ ಎರಡು ದಿನದಿಂದ ಗಂಜೀನೂ ಸರಿಯಾಗಿ ಕುಡೀತಿಲ್ಲ. ನಿಮ್ಮನ್ನ ಕೇಳ್ತಾನೂ ಇಲ್ಲ. ದಿನಾ ಕೇಳೋರು, ಈಗ ಬಿಟ್ಬುಟ್ಟವ್ರೆ.'

ಕೇಳುವುದನ್ನು ಬಿಟ್ಟಿದ್ದಾಳೆ ಅನ್ನುವ ಮಾತು ಸಾಕಮ್ಮನ ಎದೆಗೆ ನಾಟಿತು. ಫೋನಿಟ್ಟು, ವಾಕರ್ ಹಿಡಿದು ಹಿತ್ತಲ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಗಂಡ ಮೂರನೇ ಬುಶ್ಶನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿಕೊಂಡಿದ್ದ.

'ರೀ, ಈ ಹಬ್ಬಕ್ಕೆ ನಾನು ಕೆಸರೆಗೆ ಹೋಗ್ಬೇಕು.'

'ಹೋಗೋಣ ಕಣೇ. ಇದೊಂದು ಆಗ್ಬುಡ್ಲಿ.'

'ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗ್ಲು ಹಾಕಿದ್ರಂತೆ. ಅಕ್ಕ ಹೋದ್ಮೇಲೆ ನಿಮ್ಮ ಬುಶ್ಶು ಸರಿಗಾಯ್ತದೆ.'

'ಅರ್ಧ ದಾರೀಲಿ ಗೇರು ಕಳಚ್ಕೊಂಡ್ರೆ ಏನ್ ಮಾಡ್ತೀಯ? ಲಾರಿ ಬಂದ್ರೆ? ನಿನ್ನ ಕೂರಿಸ್ಕೊಂಡು ನಾನು ರಿಸ್ಕ್ ತಗೊಳಲ್ಲ.'

ಅದು ಸುಳ್ಳಲ್ಲ. ಅವಳು ಬಚ್ಚಲಲ್ಲಿ ಬಿದ್ದ ದಿನ ಅವನು ಮನೆಯಲ್ಲೇ ಇದ್ದ, ಆ ಕಲ್ಲು ಜಾರುತ್ತದೆ ಅಂತ ಅವಳು ಹೇಳಿ ತಿಂಗಳಾಗಿತ್ತು. 'ನಡೀತದೆ ಬಿಡು' ಅಂದಿದ್ದ. ಫ್ಯಾಕ್ಟರಿಯಲ್ಲಿ ಎಂದೂ ಆಡದ ಮಾತು ಮನೆಯಲ್ಲಿ ಒಂದೇ ಸಲ ಬಾಯಿಗೆ ಬಂದಿತ್ತು. ಅದನ್ನು ಅವನು ಯಾರಿಗೂ ಹೇಳಿಕೊಂಡವನಲ್ಲ. ಸಾಕಮ್ಮನಿಗೆ ನೆನಪಿದೆಯೋ ಇಲ್ಲವೋ ಕೇಳುವ ಧೈರ್ಯವೂ ಇರಲಿಲ್ಲ.

ಮೂರನೆಯದೂ ರಿಜೆಕ್ಟ್ ಆಗಿ, ಹಬ್ಬದ ಹಿಂದಿನ ದಿನ ದಟ್ಟಗಳ್ಳಿಯ ಇನ್ನೊಬ್ಬ ಲೇತಿನವನ ಕೈಕಾಲು ಹಿಡಿದು ನಾಲ್ಕನೇ ಬುಶ್ ಮಾಡಿಸಿಕೊಂಡು ಬಂದ. ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಟ್ಯೂಬ್‌ಲೈಟಿನಲ್ಲಿ ಅಳೆದದ್ದು ಅಳತೆಯೇ ಅಲ್ಲ ಅನ್ನುವುದು ಅವನ ನಿಯಮ. ಬೆಳಿಗ್ಗೆ ಬಿಸಿಲಿಗೆ ಅಳೆದು, ಸರಿಯಿದ್ದರೆ ಹಾಕಿ, ಆಮೇಲೆ ಪೂಜೆ ಮಾಡಿ, ಕೆಸರೆಗೆ ಹೊರಡುವುದು ಅಂತ ಲೆಕ್ಕ ಹಾಕಿ ಮಲಗಿದ.

ಬೆಳಿಗ್ಗೆ ಎದ್ದು ಸ್ನಾನ ಮಾಡಿ ಶೆಡ್ಡಿಗೆ ಹೋದರೆ ಟೂಲ್ ಬಾಕ್ಸು ಖಾಲಿ! ಗೋಡೆಯ ಮೊಳೆಯಲ್ಲಿ ಒಂದು ಸ್ಪ್ಯಾನರೂ ಇಲ್ಲ. ಕಳ್ಳರು ಬಂದರೇನೋ ಅಂತ ನಡುಮನೆಗೆ ಓಡಿ ಬಂದ. ಅಲ್ಲಿ ಚಾಮುಂಡಿ ತಾಯಿಯ ಪಟದ ಮುಂದೆ, ಬಾಳೆಲೆಯ ಮೇಲೆ, ಅವನ ಸ್ಪ್ಯಾನರುಗಳೆಲ್ಲ ತೊಳೆಸಿಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಕೂತಿದ್ದವು. ಸುತ್ತಿಗೆಗೆ ಸೇವಂತಿಗೆ ಹಾರ. ವರ್ನಿಯರಿನ ಬಾಯಿಗೆ ಒಂದು ಮಲ್ಲಿಗೆ. ನಾಲ್ಕನೇ ಬುಶ್ಶು ವೀಳ್ಯದೆಲೆಯ ಮೇಲೆ, ನಟ್ಟನಡುವೆ, ದೇವರಂತೆ. ಕರ್ಪೂರ ಇನ್ನೂ ಉರಿಯುತ್ತಿತ್ತು, ಕಾಯಿ ಒಡೆದಾಗಿತ್ತು. ನಿರಂಜನ ಪಂಚೆ ಉಟ್ಟು ಗಂಟೆ ಹಿಡಿದು ನಿಂತಿದ್ದ.

'ಸಾಕಮ್ಮ! ಇದೇನೇ ಇದು?'

'ಆಯುಧ ಪೂಜೆ ಕಣ್ರೀ. ಹೊಸದಾ ನಿಮಗೆ?'

'ನನ್ನ ವರ್ನಿಯರು...' ಅಂತ ಕೈ ಚಾಚಿದ.

'ಮುಟ್ಟೀರ! ಪೂಜೆ ಕದಲ್ಸೋದು ನಾಳೆ. ಅಲ್ಲೀಗಂಟ ಮುಟ್ಟಂಗಿಲ್ಲ. ಪೂಜೆ ದಿನ ಫ್ಯಾಕ್ಟ್ರೀಲಿ ಮಿಷನ್ ನಿಂತೋಯ್ತು, ಒಂದು ಸ್ಪ್ಯಾನರ್ ಕೊಡಯ್ಯ ಅಂತ ಮ್ಯಾನೇಜರೇ ಕೇಳಿದ್ರೂ ಕೊಡ್ಲಿಲ್ಲ ಅಂತ ವರ್ಷಾ ವರ್ಷಾ ಹೇಳ್ಕಂಡು ತಿರುಗ್ತಿದ್ದೋರು ಯಾರು?'

ತಿರುಗುತ್ತಿದ್ದವನು ಚಾಚಿದ ಕೈ ಹಿಂದಕ್ಕೆಳೆದುಕೊಂಡ. ತಾನೇ ತೋಡಿದ ಹಳ್ಳ, ಅಳತೆ ಸರಿಯಾಗಿಯೇ ಇತ್ತು.

'ಸರಿ ಹಾಗಾದ್ರೆ. ನಾಳೆ ಕದಲ್ಸಿ, ಬುಶ್ ಹಾಕಿ, ನಾಳಿದ್ದು...'

'ಆಯುಧ ಮುಟ್ಟಬಾರ್ದು ಅಂತ ಐತೆ. ಗಾಡಿ ಓಡಬಾರ್ದು ಅಂತ ಎಲ್ಲೈತೆ? ಪೂಜೆ ಮಾಡಿದ ಗಾಡೀನ ನಿಂಬೆಹಣ್ಣಿನ ಮೇಲೆ ಓಡಿಸ್ಲೇಬೇಕು. ರಿಪೇರಿ ಮಾಡಂಗಿಲ್ಲ, ಅಷ್ಟೆಯ. ಇವತ್ತೊಂದಿನ ನೀವು ರಿಪೇರಿ ಮಾಡಕ್ಕಾಗಲ್ಲ ಕಣ್ರೀ. ಅದಕ್ಕೇ ಇವತ್ತೇ ಹೋಗದು.'

ದೊರೆಸ್ವಾಮಿ ಆ ಮಾತನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ. ಕೂದಲೆಳೆ ತೂರುವಷ್ಟು ಸಂದೂ ಸಿಗಲಿಲ್ಲ. ಹೊರಗೆ ಬಂದು ನೋಡಿದರೆ ಗಾಡಿಗೆ ಬಾಳೆಕಂದು, ಮಾವಿನ ಸೊಪ್ಪು, ಮೈತುಂಬ ಕುಂಕುಮ. ತಾನಿಟ್ಟ ಕೊನೆಯ ಬೊಟ್ಟು ಯಾವುದು, ಹೆಂಡತಿ ಇಟ್ಟದ್ದು ಯಾವುದು ಒಂದೂ ತಿಳಿಯುವಂತಿರಲಿಲ್ಲ.

'ಎರಡನೇ ಗೇರು ನಿಲ್ಲಲ್ಲ ಕಣೇ' ಅಂದ, ಕೊನೆಯ ಅಸ್ತ್ರವೆಂಬಂತೆ. 'ನನಗೆ ಸ್ಟೇರಿಂಗಿಗೆ ಎರಡೂ ಕೈ ಬೇಕು.'

'ನನ್ನ ಕೈ ಏನು ಕಡ್ದು ಹೋಗ್ಯದಾ?' ಸಾಕಮ್ಮ ಸಲೂನ್ ಕುರ್ಚಿಯಲ್ಲಿ ಕೂತಾಗಿತ್ತು. ನಿರಂಜನ ಕುರ್ಚಿ ತಿರುಗಿಸಿದ. ಕಾಲು ಹಲಗೆಯ ಮೇಲೆ ಚಾಚಿಕೊಂಡಿತು, ಎಲ್ಲೂ ತಾಗಲಿಲ್ಲ. ಅವಳು ಮಗ್ಗುಲಲ್ಲಿದ್ದ ತನ್ನ ಮುದ್ದೆ ಕೋಲನ್ನು, ಕಳೆದುಹೋದ ಒಡವೆ ಸಿಕ್ಕಿದಂತೆ, ಬಲಗೈಯಲ್ಲಿ ಹಿಡಿದಳು.

ನಾಲ್ಕು ನಿಂಬೆಹಣ್ಣು ಪಚಕ್ಕೆಂದವು. ಗಾಡಿ ಬೀದಿಗಿಳಿಯಿತು.

ರಿಂಗ್ ರೋಡು ಮುಟ್ಟುವವರೆಗೆ ದೊರೆಸ್ವಾಮಿ ಒಂದನೇ ಗೇರಿನಲ್ಲೇ ತೆವಳಿಸಿದ. 'ಎರಡು!' ಅಂತ ಕೂಗಿ ಕ್ಲಚ್ಚು ತುಳಿದ. ಸಾಕಮ್ಮ ಕೋಲು ಹಿಂದಕ್ಕೆಳೆದಳು. ಅದು ಕಳಚಿಕೊಳ್ಳಲು ಮುಂದಕ್ಕೆ ಒದೆಯಿತು. ನಲವತ್ತು ವರ್ಷ ಹನ್ನೊಂದು ಮುದ್ದೆಯ ಹಿಟ್ಟನ್ನು ಗಂಟಾಗದಂತೆ ತಿರುವಿದ ರಟ್ಟೆ ಅದು, ಅಷ್ಟಕ್ಕೆಲ್ಲ ಬಗ್ಗುತ್ತದೆಯೇ? ಒತ್ತಿ ಹಿಡಿದಳು. ಕೋಲು ಸ್ವಲ್ಪ ಹೊತ್ತು ಗುರುಗುಟ್ಟಿ ಸುಮ್ಮನಾಯಿತು.

'ಬಿಡಬೇಡ!'

'ಬಿಡಲ್ಲ, ನೀವು ಮುಂದೆ ನೋಡ್ರಿ! ಆಮೇಲೆ ಹೊಡ್ದುಗಿಡ್ದೀರ.'

ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿದ ಲಾರಿ, ಹಾರ ಹಾಕಿದ ಬಸ್ಸು, ಬಲೂನು ಕಟ್ಟಿದ ಸ್ಕೂಟರು. ಈ ಗಾಡಿಯನ್ನು ಯಾರೂ ವಿಚಿತ್ರವೆಂದು ನೋಡಲಿಲ್ಲ. ಅವತ್ತು ಎಲ್ಲ ಗಾಡಿಗಳೂ ಹಾಗೇ ಇದ್ದವು. ಒಂದು ಸಿಗ್ನಲ್ಲಿನಲ್ಲಿ ಪೊಲೀಸಿನವನು ಹತ್ತಿರ ಬಂದು, 'ಇದು ಯಾವ ಕಂಪ್ನಿ ಗಾಡಿ ಯಜಮಾನ್ರೆ?' ಅಂದ. ಸಾಕಮ್ಮ ಕೋಲು ಬಿಡದೆ ಎಡಗೈಯಲ್ಲೇ ಪುರಿ, ಕಾಯಿ ಚೂರಿನ ಪ್ರಸಾದ ಕೊಟ್ಟು, 'ನಮ್ಮ ಮನೆಯವ್ರೇ ಕಂಪ್ನಿ ಕಣಪ್ಪ' ಅಂದಳು. ಅವನು ಪ್ರಸಾದ ಕಣ್ಣಿಗೊತ್ತಿಕೊಂಡು ದಾರಿ ಬಿಟ್ಟ.

ಹೆಂಡತಿಯ ಮುಖ ಗಾಳಿಗೆ ಅರಳಿರುವುದನ್ನು ದೊರೆಸ್ವಾಮಿ ಓರೆಗಣ್ಣಿನಲ್ಲಿ ನೋಡಿದ. ಹೊಸ ಬಿಲ್ಡಿಂಗು, ಹೊಸ ಹೋಟೆಲು, 'ಅರೆ, ಇದ್ಯಾವಾಗ ಬಂತು? ಇದ್ಯಾವಾಗ ಬಂತು?' ಅನ್ನುತ್ತಿದ್ದಳು. ಎರಡೂವರೆ ವರ್ಷದಲ್ಲಿ ಊರು ಬದಲಾಗಿತ್ತು. ಅಷ್ಟೂ ದಿನ ಅವಳು ನೋಡಿದ್ದು ಒಂದು ಕಿಟಕಿ, ಒಂದು ಶೆಡ್ಡು, ಅದರೊಳಗೆ ಗಂಡನ ಬೆನ್ನು. ಅವಳನ್ನು ಹೊರಗೆ ಕರೆದುಕೊಂಡು ಹೋಗಬೇಕು ಅಂತಲೇ ಎರಡು ವರ್ಷ ಅವಳನ್ನು ಒಳಗೆ ಕೂರಿಸಿದ್ದೆ ಅನ್ನುವುದು ಹೊಳೆದಾಗ ಅವನಿಗೆ ನಾಚಿಕೆಯಾಯಿತು.

ಕೆಸರೆಯ ಮನೆಯ ಮುಂದೆ ಗಾಡಿ ನಿಂತಾಗ ನಯನಾ ಬಾಗಿಲಿಗೆ ಬಂದು, 'ಅಯ್ಯೋ ಚಿಕ್ಕಜ್ಜಿ!' ಅಂತ ಅಲ್ಲೇ ಅಳತೊಡಗಿದಳು. ಒಳಗೆ ಮಾದೇವಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸಾಕಮ್ಮ ವಾಕರ್ ಊರಿಕೊಂಡು ಹೋಗಿ, ಮಂಚದ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಏನೂ ಅನ್ನದೆ ಅಕ್ಕನ ಕೈ ಹಿಡಿದಳು. ಮುದುಕಿಯ ಬೆರಳುಗಳು ಆ ಅಂಗೈಯ ಮೇಲೆ ಹರಿದಾಡಿದವು, ಮೊಣಕೈವರೆಗೆ ಹೋದವು, ಮತ್ತೆ ಅಂಗೈಗೆ ಬಂದು ನಿಂತವು.

'ಸಾಕಿ? ಕೈ ಯಾಕವ್ವ ಇಂಗೆ ಜಿಡ್ಡು?'

'ಗೇರು ಹಿಡ್ಕಂಡು ಬಂದೆ ಕಣಕ್ಕ. ಹೂಟಗಳ್ಳಿಯಿಂದ ಇಲ್ಲೀಗಂಟ.'

ಮಾದೇವಮ್ಮ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅಂದಳು: 'ನಾನು ಸತ್ಮೇಲೆ ಬತ್ತೀಯ ಅನ್ಕಂಡಿದ್ದೆ ಕಣವ್ವ. ಸತ್ತೋರ ಮನೇಗೆ ಅಂದ್ರೆ ಗೂಡ್ಸ್ ಗಾಡೀಲಾದ್ರೂ ಬಂದ್ಬುಡ್ತಾರೆ. ಅದಕ್ಕೇ, ಬೇಗ ಹೋದ್ರೆ ಬೇಗ ನೋಡಬೋದು ಅಂತ ಗಂಜಿ ಬುಟ್ಟಿದ್ದೆ.'

ಹೊಸ್ತಿಲಲ್ಲಿ ನಿಂತಿದ್ದ ದೊರೆಸ್ವಾಮಿ ಅದನ್ನು ಕೇಳಿಸಿಕೊಂಡ. ಮುದುಕಿಯ ಲೆಕ್ಕ ಸರಿಯಾಗಿತ್ತು. ಅವಳು ಸತ್ತಿದ್ದರೆ ಸಾಕಮ್ಮ ಈರುಳ್ಳಿ ಮೂಟೆಯಾಗಿಯಾದರೂ ಅವತ್ತೇ ಬಂದುಬಿಡುತ್ತಿದ್ದಳು, ಯಾವ ಬುಶ್ಶನ್ನೂ ಕಾಯುತ್ತಿರಲಿಲ್ಲ. ಅವನು ಹೊರಗೆ ಹೋಗಿ ಗಾಡಿಯ ಪಕ್ಕ ನಿಂತು ಮೂಗು ಒರೆಸಿಕೊಂಡ. ಒಳಗಿಂದ ಗಂಜಿ ಕುಡಿಸುವ ಸದ್ದು, ನಡುನಡುವೆ ಸಾಕಮ್ಮ ಅಕ್ಕನನ್ನು ಬಯ್ಯುವ ಸದ್ದು ಕೇಳಿ ಬರುತ್ತಿತ್ತು. ಸಂಜೆ ಹೊರಡುವಾಗ ಮಾದೇವಮ್ಮ, 'ನಾಳೆ ಬತ್ತೀಯ?' ಅಂದಳು. ಸಾಕಮ್ಮ ಗಂಡನ ಮುಖ ನೋಡಿದಳು. ದೊರೆಸ್ವಾಮಿ, 'ಬುಶ್ ಹಾಕಿದ್ಮೇಲೆ...' ಅಂತ ಏನೋ ಗೊಣಗಿದ.

ಮರುದಿನ ವಿಜಯದಶಮಿ. ಬೆಳಿಗ್ಗೆಯೇ ಪೂಜೆ ಕದಲಿಸಿ, ವೀಳ್ಯದೆಲೆಯ ಮೇಲಿನ ಬುಶ್ಶನ್ನು ಎತ್ತಿಕೊಂಡು, ಕುಂಕುಮ ಒರೆಸಿ, ಅಂಗಳದ ಬಿಸಿಲಿಗೆ ಬಂದು ವರ್ನಿಯರ್ ಹಿಡಿದ. ಒಂದು ಸಲ ಅಳೆದ. ತಿರುಗಿಸಿ ಇನ್ನೊಂದು ಸಲ ಅಳೆದ. ಎರಡು ಕೂದಲೆಳೆ ಜಾಸ್ತಿ. ರಿಜೆಕ್ಟ್.

ಅವನ ಕೈ ಅಭ್ಯಾಸಬಲದಿಂದ ಕೆಂಪು ಡಬ್ಬಿಯ ಕಡೆ ಹೋಗಿ ಅರ್ಧಕ್ಕೆ ನಿಂತಿತು. ನಿನ್ನೆ ವರ್ನಿಯರು ಕೈಗೆ ಸಿಕ್ಕಿದ್ದರೆ ಈ ಬುಶ್ಶು ನಿನ್ನೆಯೇ ಎರಡು ಕೂದಲೆಳೆ ಜಾಸ್ತಿ ಬರುತ್ತಿತ್ತು. ತಾನು ಇದೇ ಬಿಸಿಲಿನಲ್ಲಿ ನಿಂತು, ಇದೇ ಬೊಟ್ಟಿಟ್ಟು, 'ದೀಪಾವಳಿಗೆ ಹೋಗೋಣ ಕಣೇ' ಅಂದಿರುತ್ತಿದ್ದ. ಮುದುಕಿ ಗೋಡೆ ಕಡೆ ತಿರುಗಿ ಮಲಗಿಯೇ ಇರುತ್ತಿದ್ದಳು.

ಒಳಗೆ ಫೋನು ಹೊಡೆದುಕೊಂಡಿತು. ನಯನಾಳ ದನಿ ಅಂಗಳಕ್ಕೇ ಕೇಳುತ್ತಿತ್ತು. 'ಚಿಕ್ಕಜ್ಜಿ, ಅಜ್ಜಿ ಆರು ಗಂಟೆಗೇ ತಲೆ ಬಾಚಿಸ್ಕೊಂಡು, ಗಂಜಿ ಕುಡ್ದು, ಬಾಗ್ಲಲ್ಲಿ ಕುರ್ಚಿ ಹಾಕಿಸ್ಕೊಂಡು ಕೂತವ್ರೆ. ಗಾಡಿ ಹೊರಟ್ತಾ ಅಂತ ಐದು ನಿಮಿಷಕ್ಕೊಂದ್ಸಲ ಕೇಳ್ತಾವ್ರೆ. ಏನಂತ ಹೇಳ್ಲಿ?'

ಸಾಕಮ್ಮ ಫೋನು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಎದುರುಮನೆಯಿಂದ ನಿರಂಜನನೂ ಕತ್ತು ಉದ್ದ ಮಾಡಿ ನೋಡುತ್ತಿದ್ದ.

'ಬುಶ್ಶು ಸರಿಗದಾ?'

'ಇಲ್ಲ' ಅಂದ ದೊರೆಸ್ವಾಮಿ. 'ಎರಡು ಕೂದ್ಲು ಜಾಸ್ತಿ.'

ಸಾಕಮ್ಮನ ಮುಖ ಇಳಿದುಹೋಯಿತು. ಮುಂದಿನದು ಅವಳಿಗೆ ಬಾಯಿಪಾಠವಾಗಿತ್ತು: ದಟ್ಟಗಳ್ಳಿ, ಲೇತು, ಬರುವ ವಾರ. ಫೋನನ್ನು ಮೆಲ್ಲಗೆ ಕಿವಿಗೆ ತಂದು, 'ನಯನಾ, ಅಕ್ಕಂಗೆ ಹೇಳವ್ವ...' ಅಂತ ಶುರುಮಾಡಿದಳು.

'ಏ, ಏನ್ ಹೇಳ್ತೀಯ? ಹೊರಟ್ವಿ ಅಂತ ಹೇಳು.' ದೊರೆಸ್ವಾಮಿ ಬುಶ್ಶನ್ನು ರಿಜೆಕ್ಟ್ ಡಬ್ಬಕ್ಕೆ ಎಸೆದು ಸಲೂನ್ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿದ. 'ಬಾ, ಕೋಲು ಹಿಡ್ಕೊ. ನಡೀತದೆ.'

ಸಾಕಮ್ಮ ಅಲ್ಲೇ ನಿಂತು ಅವನನ್ನು ನೋಡಿದಳು. 'ಆ ಬಚ್ಚಲ ಕಲ್ಲಿಗೂ ಇಂಗೇ ಅಂದಿದ್ರಿ' ಅಂದಳು ಮೆಲ್ಲಗೆ. ಅವಳಿಗೆ ನೆನಪಿತ್ತು. ಅವಳು ಅಷ್ಟಕ್ಕೇ ಬಿಟ್ಟು, ವಾಕರನ್ನು ಅವನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು, ಕೋಲು ಹಿಡಿದಳು. 'ಇವತ್ತು ನಾನು ಹಿಡ್ಕಂಡಿವ್ನಿ, ನಡೀರಿ.'

ದೊರೆಸ್ವಾಮಿಯ ಬಾಯಲ್ಲಿ ಆ ಮಾತು ಬಂದದ್ದನ್ನು ನಿರಂಜನ ಅವತ್ತೇ ಹೂಟಗಳ್ಳಿಗೆಲ್ಲ ಸಾರಿದ. ಫ್ಯಾಕ್ಟರಿಯ ಹಳಬರು ಇವತ್ತಿಗೂ ನಂಬಿಲ್ಲ.